ದೊಡ್ಡ ಮಾರುಕಟ್ಟೆಯ ಪಕ್ಕದ ಪುಟ್ಟ ದೇಶ: ಸ್ವಿಟ್ಜರ್‌ಲೆಂಡ್ ಮತ್ತು ಐರೋಪ್ಯ ಒಕ್ಕೂಟದ ಕಾನೂನು

2021ರ ಮೇ 26ರಂದು ಬರ್ನ್ ನಗರದಲ್ಲಿ ಸ್ವಿಟ್ಜರ್‌ಲೆಂಡಿನ ಏಳು ಸದಸ್ಯರ ಸರ್ಕಾರ, ಅಂದರೆ ಫೆಡರಲ್ ಕೌನ್ಸಿಲ್, ಐರೋಪ್ಯ ಒಕ್ಕೂಟದ ಜೊತೆ 2014ರಿಂದ ನಡೆಸಿಕೊಂಡು ಬಂದಿದ್ದ, ಇಬ್ಬರ ನಡುವಿನ ಮುಖ್ಯ ಮಾರುಕಟ್ಟೆ ಒಪ್ಪಂದಗಳನ್ನು ಒಂದೇ ವ್ಯವಸ್ಥೆಯಡಿ ತರುವ ಚೌಕಟ್ಟು ಒಪ್ಪಂದದ ಮಾತುಕತೆಯನ್ನು ಕೈಬಿಟ್ಟಿತು. ಒಕ್ಕೂಟದ ವೈದ್ಯಕೀಯ ಉಪಕರಣಗಳ ಹೊಸ ನಿಯಮಾವಳಿ ಜಾರಿಗೆ ಬಂದದ್ದೂ ಅದೇ ದಿನ. ಅಲ್ಲಿಯವರೆಗೆ ಕೃತಕ ಕೀಲು, ಶ್ರವಣಸಾಧನ, ಮೂಳೆ ಜೋಡಿಸುವ ಸ್ಕ್ರೂಗಳನ್ನು ಮಾಡುವ ಸ್ವಿಸ್ ಕಂಪನಿಗಳಿಗೆ ಒಂದೇ ಪ್ರಮಾಣಪತ್ರ ಸಾಕಾಗಿತ್ತು, ಅದು ಒಕ್ಕೂಟದ ಎಲ್ಲ ದೇಶಗಳಲ್ಲೂ ನಡೆಯುತ್ತಿತ್ತು. ಆ ಅನುಕೂಲಕ್ಕೆ ಆಧಾರವಾಗಿದ್ದ ಪರಸ್ಪರ ಮಾನ್ಯತೆಯ ಒಪ್ಪಂದವನ್ನು ಹೊಸ ನಿಯಮಕ್ಕೆ ತಕ್ಕಂತೆ ಪರಿಷ್ಕರಿಸಲು ಒಕ್ಕೂಟ ಒಪ್ಪಲಿಲ್ಲ. ಅಂದಿನಿಂದಲೇ ಪ್ರತಿ ಕಂಪನಿಯೂ ಒಕ್ಕೂಟದ ನೆಲದಲ್ಲಿ ಅಧಿಕೃತ ಪ್ರತಿನಿಧಿಯೊಬ್ಬನನ್ನು ಇಟ್ಟುಕೊಳ್ಳಬೇಕಾಯಿತು, ಆಮದುದಾರನ ಹೆಸರನ್ನು ಸರಕಿನ ಜೊತೆ ನಮೂದಿಸಬೇಕಾಯಿತು, ಲೇಬಲ್‌ಗಳನ್ನು ಹೊಸದಾಗಿ ಅಚ್ಚು ಹಾಕಿಸಬೇಕಾಯಿತು. ಆ ಸ್ಕ್ರೂಗಳ ಗುಣಮಟ್ಟ ರಾತ್ರೋರಾತ್ರಿ ಕೆಟ್ಟಿರಲಿಲ್ಲ. ಕೆಟ್ಟದ್ದು ಎರಡು ಕಾನೂನುಗಳ ನಡುವಿನ ಸಂಬಂಧ ಮಾತ್ರ.

ದೊಡ್ಡ ವ್ಯಾಪಾರ ಕೂಟದ ಪಕ್ಕದಲ್ಲಿದ್ದು ಅದರ ಸದಸ್ಯನಾಗದ ದೇಶ ಆ ಕೂಟದ ಕಾನೂನಿಗೆ ಎಷ್ಟು ಹೊಂದಿಕೊಳ್ಳಬೇಕು, ಹೇಗೆ ಹೊಂದಿಕೊಳ್ಳಬೇಕು ಎಂಬ ಪ್ರಶ್ನೆಗೆ ಸ್ವಿಟ್ಜರ್‌ಲೆಂಡಿನಷ್ಟು ದೀರ್ಘವಾಗಿ, ಬಹಿರಂಗವಾಗಿ ತಲೆ ಕೆಡಿಸಿಕೊಂಡ ದೇಶ ಇನ್ನೊಂದಿಲ್ಲ. ಸುಮಾರು 90 ಲಕ್ಷ ಜನರ ಈ ದೇಶದ ಸುತ್ತ ಪುಟ್ಟ ಲಿಕ್ಟನ್‌ಸ್ಟೈನ್ ಬಿಟ್ಟರೆ ಇರುವುದೆಲ್ಲ ಒಕ್ಕೂಟದ ಸದಸ್ಯರೇ: ಜರ್ಮನಿ, ಫ್ರಾನ್ಸ್, ಇಟಲಿ, ಆಸ್ಟ್ರಿಯಾ. ಅದರ ರಫ್ತಿನಲ್ಲಿ ಹೆಚ್ಚುಕಡಿಮೆ ಅರ್ಧ ಒಕ್ಕೂಟಕ್ಕೇ ಹೋಗುತ್ತದೆ, ಆಮದಿನಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತದೆ. ದಿನವೂ ಗಡಿ ದಾಟಿ ಕೆಲಸಕ್ಕೆ ಬರುವವರು ಸುಮಾರು 4 ಲಕ್ಷ. ಸಂತೆಗೆ ಸರಕು ತರುವವನು ಸಂತೆಯ ಸೇರಿನಲ್ಲೇ ಅಳೆದು ಕೊಡಬೇಕು ಎಂಬುದು ಹಳೆಯ ವ್ಯಾಪಾರ ನ್ಯಾಯ. ಆದರೆ ಆ ಸೇರಿನ ಅಳತೆ ಬದಲಾಯಿಸುವಾಗ ಹೊರಗಿನಿಂದ ಬರುವವನ ಮಾತನ್ನು ಯಾರಾದರೂ ಕೇಳುತ್ತಾರೆಯೇ? ಈ ಲೇಖನ ಪರಿಶೀಲಿಸುವುದು ಅದನ್ನೇ.

ಮೂರು ದಶಕಗಳ ಹಾದಿ

ಸ್ವಿಟ್ಜರ್‌ಲೆಂಡ್ 1972ರಲ್ಲಿ ಆಗಿನ ಐರೋಪ್ಯ ಸಮುದಾಯದ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡಿತು. ಕೈಗಾರಿಕಾ ಸರಕಿನ ಮೇಲಿನ ಸುಂಕ ಅದರಿಂದ ಹೋಯಿತು. ಆದರೆ ಸುಂಕ ಹೋದ ಮೇಲೆ ಅದರ ಹಿಂದಿದ್ದ ಗೋಡೆ ಕಾಣತೊಡಗಿತು. ಒಂದೊಂದು ದೇಶಕ್ಕೂ ಅದರದೇ ಸುರಕ್ಷತಾ ಮಾನದಂಡ, ಪರೀಕ್ಷೆ, ಪರವಾನಗಿ. ಒಕ್ಕೂಟ 1992ರ ಕೊನೆಯ ಹೊತ್ತಿಗೆ ಒಳಗಿನ ಈ ತಡೆಗಳನ್ನೆಲ್ಲ ತೆಗೆದು ಏಕ ಮಾರುಕಟ್ಟೆ ಕಟ್ಟಲು ಹೊರಟಾಗ ಹೊರಗಿದ್ದ ದೇಶಗಳಿಗೆ ದಿಗಿಲಾಯಿತು. ಐರೋಪ್ಯ ಆರ್ಥಿಕ ವಲಯ ಎಂಬ ವ್ಯವಸ್ಥೆ ಹುಟ್ಟಿದ್ದು ಆಗ. ಸದಸ್ಯರಾಗದೆಯೂ ಮಾರುಕಟ್ಟೆಗೆ ಪ್ರವೇಶ ಪಡೆಯಬಹುದು, ಆದರೆ ಆ ಮಾರುಕಟ್ಟೆಯ ಕಾನೂನನ್ನು ಒಪ್ಪಿಕೊಳ್ಳಬೇಕು.

1992ರ ಡಿಸೆಂಬರ್ 6ರಂದು ಸ್ವಿಸ್ ಮತದಾರರು ಅದನ್ನು ತಿರಸ್ಕರಿಸಿದರು. ವಿರುದ್ಧ ಬಿದ್ದ ಮತ ಶೇ 50.3, ಮತ ಹಾಕಿದವರು ಶೇ 78ಕ್ಕೂ ಹೆಚ್ಚು. ಜರ್ಮನ್ ಮಾತಾಡುವ ಬಹುಪಾಲು ಪ್ರಾಂತ್ಯಗಳು ಬೇಡ ಎಂದವು, ಫ್ರೆಂಚ್ ಮಾತಾಡುವ ಪ್ರಾಂತ್ಯಗಳು ಬೇಕು ಎಂದವು. ವಿರೋಧದ ಮುಂಚೂಣಿಯಲ್ಲಿದ್ದವರು ಸ್ವಿಸ್ ಪೀಪಲ್ಸ್ ಪಾರ್ಟಿಯ ಕ್ರಿಸ್ಟೋಫ್ ಬ್ಲೋಖರ್. ಅದೇ ವರ್ಷ ಮೇ ತಿಂಗಳಲ್ಲಿ ಸರ್ಕಾರ ಪೂರ್ಣ ಸದಸ್ಯತ್ವಕ್ಕೆ ಅರ್ಜಿ ಹಾಕಿತ್ತು. ಈ ಸೋಲಿನ ನಂತರ ಅರ್ಜಿ ಮೂಲೆ ಸೇರಿತು, 2016ರಲ್ಲಿ ಅದನ್ನು ವಿಧಿವತ್ತಾಗಿ ಹಿಂದಕ್ಕೆ ಪಡೆಯಲಾಯಿತು.

ಆಮೇಲೆ ಉಳಿದದ್ದು ವಿಷಯವಾರು ಒಪ್ಪಂದಗಳ ಮಾರ್ಗ. 1999ರಲ್ಲಿ ಸಹಿಯಾದ ಮೊದಲ ಕಂತಿನಲ್ಲಿ ಏಳು ಒಪ್ಪಂದಗಳಿದ್ದವು: ಜನರ ಮುಕ್ತ ಸಂಚಾರ, ತಾಂತ್ರಿಕ ಪರೀಕ್ಷೆಗಳ ಪರಸ್ಪರ ಮಾನ್ಯತೆ, ಸರ್ಕಾರಿ ಖರೀದಿ, ಕೃಷಿ, ಭೂಸಾರಿಗೆ, ವಿಮಾನಯಾನ, ಸಂಶೋಧನೆ. 2000ದ ಮೇ ತಿಂಗಳಲ್ಲಿ ಶೇ 67.2 ಮತದಾರರು ಇದಕ್ಕೆ ಒಪ್ಪಿದರು, 2002ರ ಜೂನ್‌ನಲ್ಲಿ ಜಾರಿಯಾಯಿತು. ಏಳನ್ನೂ ಒಂದಕ್ಕೊಂದು ಬಿಗಿದು ಕಟ್ಟಲಾಗಿತ್ತು. ಒಂದನ್ನು ರದ್ದು ಮಾಡಿದರೆ ಏಳೂ ಬೀಳುತ್ತವೆ. ಈ ನಿಯಮಕ್ಕೆ ಗಿಲೊಟಿನ್ ಷರತ್ತು ಎಂದು ಹೆಸರು. 2004ರ ಎರಡನೇ ಕಂತಿನಲ್ಲಿ ಷೆಂಗೆನ್ ಗಡಿ ವ್ಯವಸ್ಥೆ, ಆಶ್ರಯ ಕೋರಿ ಬಂದವರನ್ನು ಕುರಿತ ಡಬ್ಲಿನ್ ವ್ಯವಸ್ಥೆ ಮೊದಲಾದವು ಸೇರಿದವು. ಇಂದು ಎರಡೂ ಕಡೆಯ ನಡುವೆ ದೊಡ್ಡವು ಸಣ್ಣವು ಸೇರಿ ನೂರಕ್ಕೂ ಹೆಚ್ಚು ಒಪ್ಪಂದಗಳಿವೆ.

ಈ ಒಪ್ಪಂದಗಳಲ್ಲಿ ಹೆಚ್ಚಿನವು ಸಹಿಯಾದ ದಿನದ ಕಾನೂನಿಗೆ ಕಟ್ಟುಬಿದ್ದವು. ಒಕ್ಕೂಟದ ಕಾನೂನಾದರೋ ವರ್ಷ ವರ್ಷ ಬದಲಾಗುತ್ತದೆ. ಪ್ರತಿ ಬದಲಾವಣೆಗೂ ಜಂಟಿ ಸಮಿತಿ ಕೂಡಬೇಕು, ಇಬ್ಬರೂ ಒಪ್ಪಬೇಕು. ಮನಸ್ತಾಪ ಬಂದಾಗ ಒಕ್ಕೂಟ ಕೂಡದಿದ್ದರೆ ಮುಗಿಯಿತು, ಒಪ್ಪಂದ ಇದ್ದ ಜಾಗದಲ್ಲೇ ಹಳೆಯದಾಗುತ್ತದೆ. ವೈದ್ಯಕೀಯ ಉಪಕರಣಗಳಿಗೆ ಆದದ್ದು ಅದೇ.

ಒಪ್ಪಂದವೇ ಇಲ್ಲದ ಹೊಂದಾಣಿಕೆ

ಒಪ್ಪಂದಗಳನ್ನು ಮಾತ್ರ ನೋಡಿದರೆ ಕಥೆಯ ಅರ್ಧ ಭಾಗ ತಪ್ಪಿಹೋಗುತ್ತದೆ. ಯಾರೂ ಕೇಳದೆ, ಯಾವ ಸಹಿಯೂ ಇಲ್ಲದೆ ಸ್ವಿಟ್ಜರ್‌ಲೆಂಡ್ ತಾನಾಗಿಯೇ ಅಳವಡಿಸಿಕೊಂಡ ಒಕ್ಕೂಟದ ನಿಯಮಗಳ ರಾಶಿಯೇ ಇದೆ. 1988ರಿಂದ ಅಲ್ಲಿನ ಸರ್ಕಾರ ಸಂಸತ್ತಿಗೆ ಮಂಡಿಸುವ ಮಸೂದೆಗಳ ಜೊತೆ, ಅವು ಐರೋಪ್ಯ ಕಾನೂನಿಗೆ ಹೊಂದುತ್ತವೆಯೇ ಎಂಬ ವಿವರಣೆಯನ್ನೂ ಕೊಡುತ್ತ ಬಂದಿದೆ. 1992ರಲ್ಲಿ ಜನ ಆರ್ಥಿಕ ವಲಯವನ್ನು ತಿರಸ್ಕರಿಸಿದರಷ್ಟೆ. ಅದಕ್ಕೆಂದೇ ಸಿದ್ಧಪಡಿಸಿದ್ದ ಮಸೂದೆಗಳಲ್ಲಿ ಹಲವನ್ನು ಸರ್ಕಾರ ಮರುವರ್ಷವೇ ‘ಸ್ವಿಸ್‌ಲೆಕ್ಸ್’ ಎಂಬ ಹೊಸ ಹೆಸರಿನಡಿ ಸಂಸತ್ತಿನ ಮುಂದಿಟ್ಟಿತು.

ಇದಕ್ಕೊಂದು ಸ್ಪಷ್ಟ ಉದಾಹರಣೆ ಕ್ಯಾಸಿಸ್ ತತ್ವ. ಕ್ಯಾಸಿಸ್ ದ ದಿಜೋನ್ ಫ್ರಾನ್ಸಿನಲ್ಲಿ ಕಪ್ಪು ದ್ರಾಕ್ಷಿಯಂಥ ಒಂದು ಹಣ್ಣಿನಿಂದ ಮಾಡುವ ಸಿಹಿಮದ್ಯ. ಅದರಲ್ಲಿ ಮದ್ಯಸಾರ ಕಡಿಮೆ, ಹಣ್ಣಿನ ಮದ್ಯದಲ್ಲಿ ಕನಿಷ್ಠ ಶೇ 25 ಇರಬೇಕು ಎಂದು ಜರ್ಮನಿ ಅದರ ಮಾರಾಟಕ್ಕೆ ಅಡ್ಡ ಬಂದಿತ್ತು. 1979ರಲ್ಲಿ ಐರೋಪ್ಯ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಒಂದು ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ತಯಾರಾಗಿ ಮಾರಾಟವಾಗುವ ಸರಕನ್ನು, ಜನರ ಆರೋಗ್ಯ ರಕ್ಷಣೆಯಂಥ ಬಲವಾದ ಕಾರಣವಿಲ್ಲದೆ ಇನ್ನೊಂದು ದೇಶ ತಡೆಯುವಂತಿಲ್ಲ ಎಂದಿತು. 2010ರ ಜುಲೈ 1ರಿಂದ ಸ್ವಿಟ್ಜರ್‌ಲೆಂಡ್ ಇದೇ ತತ್ವವನ್ನು ಒಕ್ಕೂಟದ ಸರಕುಗಳಿಗೆ ಏಕಪಕ್ಷೀಯವಾಗಿ ಅನ್ವಯಿಸಿಕೊಂಡಿತು. ತನ್ನ ಸರಕಿಗೆ ಅದೇ ಸೌಲಭ್ಯ ಒಕ್ಕೂಟದಿಂದ ಸಿಗುವುದಿಲ್ಲ ಎಂದು ಗೊತ್ತಿದ್ದೂ ಹೀಗೆ ಮಾಡಿತು, ಏಕೆಂದರೆ ಅಲ್ಲಿನ ದುಬಾರಿ ಬೆಲೆಗಳನ್ನು ಇಳಿಸಬೇಕಾಗಿತ್ತು. ದತ್ತಾಂಶ ರಕ್ಷಣೆಯಲ್ಲೂ ಹೀಗೇ ಆಯಿತು. 2023ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಪರಿಷ್ಕೃತ ಸ್ವಿಸ್ ಕಾನೂನಿನ ಹಿಂದೆ ಒಕ್ಕೂಟದ ‘ಜಿಡಿಪಿಆರ್’ ನಿಯಮಾವಳಿಯ ನೆರಳಿದೆ. ಸ್ವಿಸ್ ರಕ್ಷಣೆ ಸಾಕಷ್ಟಿದೆ ಎಂಬ ಮನ್ನಣೆ ತಪ್ಪಿದರೆ ಬ್ಯಾಂಕು, ವಿಮೆ, ಔಷಧ ಕಂಪನಿಗಳಿಗೆ ಗಡಿಯಾಚೆಯಿಂದ ಮಾಹಿತಿ ತರಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. 2024ರ ಜನವರಿಯಲ್ಲಿ ಐರೋಪ್ಯ ಆಯೋಗ ಆ ಮನ್ನಣೆಯನ್ನು ಮುಂದುವರಿಸಿತು.

ನ್ಯಾಯಾಲಯಗಳೂ ಈ ದಾರಿ ಹಿಡಿದಿವೆ. ಜನರ ಮುಕ್ತ ಸಂಚಾರದ ಒಪ್ಪಂದದ ಪ್ರಕಾರ ಸ್ವಿಸ್ ನ್ಯಾಯಾಲಯಗಳು ಗಮನಕ್ಕೆ ತೆಗೆದುಕೊಳ್ಳಲೇಬೇಕಾದದ್ದು, ಸಹಿ ಬಿದ್ದ 1999ರ ಜೂನ್ 21ಕ್ಕಿಂತ ಹಿಂದಿನ ಐರೋಪ್ಯ ತೀರ್ಪುಗಳನ್ನು ಮಾತ್ರ. ಆದರೂ 2009ರಲ್ಲಿ, ಒಕ್ಕೂಟದ ಪ್ರಜೆಯೊಬ್ಬರ ಕುಟುಂಬದವರಿಗೆ ವಾಸದ ಹಕ್ಕು ಕೊಡುವ ಪ್ರಶ್ನೆ ಬಂದಾಗ, ಸ್ವಿಸ್ ಸರ್ವೋಚ್ಚ ನ್ಯಾಯಾಲಯ ಆ ದಿನಾಂಕದ ನಂತರದ ಐರೋಪ್ಯ ತೀರ್ಪನ್ನೂ ಅನುಸರಿಸಿತು. ತಕ್ಕ ಕಾರಣವಿಲ್ಲದೆ ಅಂಥ ತೀರ್ಪುಗಳಿಂದ ದೂರ ಸರಿಯುವುದಿಲ್ಲ ಎಂಬ ನಿಲುವು ಆಗ ಗಟ್ಟಿಯಾಯಿತು. ಒಂದೇ ಒಪ್ಪಂದಕ್ಕೆ ಗಡಿಯ ಈಚೆ ಒಂದರ್ಥ, ಆಚೆ ಒಂದರ್ಥ ಬಂದರೆ ಒಪ್ಪಂದಕ್ಕೆ ಬೆಲೆಯಿರುವುದಿಲ್ಲ ಎಂಬುದು ಇದರ ಹಿಂದಿನ ತರ್ಕ, ಅದು ಸರಿಯಾದದ್ದೇ.

ಈ ಮೌನ ಹೊಂದಾಣಿಕೆ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುತ್ತದೆ. ಇದರಲ್ಲಿ ಹೊರಗಿನವರ ಬಲವಂತ ಕಾಣುವುದಿಲ್ಲ, ಆದ್ದರಿಂದ ಒಳಗೆ ಚರ್ಚೆಯೂ ಏಳುವುದಿಲ್ಲ. ಮಸೂದೆಗೆ ಲಗತ್ತಿಸಿದ ವಿವರಣೆಯ ಒಂದು ಪರಿಚ್ಛೇದದಲ್ಲಿ ‘ಐರೋಪ್ಯ ಕಾನೂನಿಗೆ ಹೊಂದಿಕೆಯಾಗುತ್ತದೆ’ ಎಂದು ಬರೆದಿರುತ್ತದೆ, ಓದುವವರು ಕಡಿಮೆ. ಇಷ್ಟಾಗಿಯೂ ಬದಲಿಗೆ ಸಿಗುವುದು ಖಚಿತವಿಲ್ಲ. ಮನ್ನಣೆ ಕೊಡುವುದೂ ಕಿತ್ತುಕೊಳ್ಳುವುದೂ ಒಕ್ಕೂಟದ ಮರ್ಜಿ. 2019ರ ಜೂನ್ ಕೊನೆಗೆ ಸ್ವಿಸ್ ಷೇರುಪೇಟೆಗೆ ಕೊಟ್ಟಿದ್ದ ಸಮಾನತೆಯ ಮನ್ನಣೆಯನ್ನು ಒಕ್ಕೂಟ ನವೀಕರಿಸಲಿಲ್ಲ. ಸ್ವಿಸ್ ಷೇರುಪೇಟೆಯ ನಿಯಮಗಳಲ್ಲಿ ದೋಷವಿದೆ ಎಂದು ಯಾರೂ ಹೇಳಿರಲಿಲ್ಲ. ಚೌಕಟ್ಟು ಒಪ್ಪಂದಕ್ಕೆ ಸ್ವಿಟ್ಜರ್‌ಲೆಂಡ್ ಸಹಿ ಹಾಕಲಿ ಎಂಬ ಒತ್ತಡವಷ್ಟೇ ಅದರಲ್ಲಿತ್ತು.

ಲಾರಿಯ ತೂಕ, ಕಣಿವೆಯ ಗಾಳಿ

ಹೊಂದಾಣಿಕೆ ಎಂದರೆ ಶರಣಾಗತಿಯೇ ಆಗಬೇಕಿಲ್ಲ ಎಂಬುದಕ್ಕೆ ಆಲ್ಪ್ಸ್ ಪರ್ವತ ದಾಟುವ ಲಾರಿಗಳ ಕಥೆಯನ್ನು ವಿವರವಾಗಿ ನೋಡಬೇಕು. ಜರ್ಮನಿಗೂ ಇಟಲಿಗೂ ನಡುವಿನ ಹತ್ತಿರದ ದಾರಿ ಸ್ವಿಸ್ ಕಣಿವೆಗಳ ಮೂಲಕ ಹೋಗುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ ಲಾರಿಯ ಒಟ್ಟು ತೂಕ 28 ಟನ್ ಮೀರುವಂತಿರಲಿಲ್ಲ, ಒಕ್ಕೂಟದಲ್ಲಿ ಮಿತಿ 40 ಟನ್. ಭಾರದ ಲಾರಿಗಳು ಆಸ್ಟ್ರಿಯಾ, ಫ್ರಾನ್ಸ್ ಸುತ್ತಿ ಹೋಗುತ್ತಿದ್ದವು, ಅಲ್ಲಿನವರ ದೂರು ಬ್ರಸೆಲ್ಸ್ ತಲುಪುತ್ತಿತ್ತು. ಮಿತಿ ಸಡಿಲಿಸಿ ಎಂದು ಒಕ್ಕೂಟ ಪಟ್ಟು ಹಿಡಿಯಿತು.

ಸ್ವಿಸ್ ಜನರ ಮನಸ್ಸು ಬೇರೆಯೇ ಇತ್ತು. ಕಡಿದಾದ ಕಣಿವೆಗಳಲ್ಲಿ ಹೊಗೆ ಚದುರುವುದಿಲ್ಲ, ಸದ್ದು ಎರಡೂ ಬೆಟ್ಟಕ್ಕೆ ಬಡಿದು ಇಮ್ಮಡಿಯಾಗುತ್ತದೆ. ಆಲ್ಪ್ಸ್ ದಾಟುವ ಸಾಗಣೆ ಸರಕನ್ನು ರಸ್ತೆಯಿಂದ ರೈಲಿಗೆ ವರ್ಗಾಯಿಸಬೇಕೆಂಬ ಸಂವಿಧಾನ ತಿದ್ದುಪಡಿಯನ್ನು 1994ರ ಫೆಬ್ರುವರಿಯಲ್ಲಿ ಮತದಾರರು ಗೆಲ್ಲಿಸಿದರು. 1998ರಲ್ಲಿ ಲಾರಿಯ ತೂಕ, ಓಡಿದ ದೂರ, ಉಗುಳುವ ಹೊಗೆ ಮೂರನ್ನೂ ಲೆಕ್ಕ ಹಾಕಿ ಶುಲ್ಕ ವಸೂಲು ಮಾಡುವ ಕಾನೂನಿಗೂ ಒಪ್ಪಿಗೆ ಕೊಟ್ಟರು. ಈ ಎರಡು ಜನಾದೇಶಗಳನ್ನು ಕೈಯಲ್ಲಿ ಹಿಡಿದು ಸ್ವಿಸ್ ಪ್ರತಿನಿಧಿಗಳು ಬ್ರಸೆಲ್ಸ್‌ಗೆ ಹೋದರು.

ಭೂಸಾರಿಗೆ ಒಪ್ಪಂದದಲ್ಲಿ ಸ್ವಿಟ್ಜರ್‌ಲೆಂಡ್ ತೂಕದ ಮಿತಿಯನ್ನು 2001ರಲ್ಲಿ 34 ಟನ್‌ಗೆ, 2005ರಲ್ಲಿ 40 ಟನ್‌ಗೆ ಏರಿಸಿತು. ಪ್ರತಿಯಾಗಿ ಒಕ್ಕೂಟ ಲಾರಿ ಶುಲ್ಕವನ್ನು ಮಾನ್ಯ ಮಾಡಿತು. ರಾತ್ರಿ ಹೊತ್ತು ಲಾರಿ ಓಡಬಾರದೆಂಬ ನಿಷೇಧ ಹಾಗೇ ಉಳಿಯಿತು. ರೈಲಿಗೆ ಹೊಸ ಸುರಂಗಗಳನ್ನು ಕೊರೆಯಲು ಶುಲ್ಕದ ಹಣ ನೆರವಾಯಿತು. 57 ಕಿಲೋಮೀಟರ್ ಉದ್ದದ ಗೊಟ್‌ಹಾರ್ಡ್ ತಳ ಸುರಂಗ 2016ರಲ್ಲಿ ತೆರೆಯಿತು. 2000ದಲ್ಲಿ ಸ್ವಿಸ್ ಆಲ್ಪ್ಸ್ ದಾಟಿದ ಭಾರದ ಲಾರಿಗಳು ಸುಮಾರು 14 ಲಕ್ಷ, ಈಚಿನ ವರ್ಷಗಳಲ್ಲಿ 10 ಲಕ್ಷಕ್ಕಿಂತ ಕಡಿಮೆ. ಸಂವಿಧಾನದಲ್ಲಿ ಬರೆದ ಗುರಿ ಇನ್ನೂ ಪೂರ್ತಿ ಕೈಗೂಡಿಲ್ಲ ನಿಜ. ಆದರೆ ತೂಕದ ವಿಷಯದಲ್ಲಿ ಬಗ್ಗಿದ ದೇಶ ತನಗೆ ಬೇಕಾದ ಮುಖ್ಯ ಸಂಗತಿಯನ್ನು ಉಳಿಸಿಕೊಂಡಿತು. ಮನೆಯೊಳಗೆ ಮೊದಲೇ ಚರ್ಚಿಸಿ, ಮತ ಹಾಕಿ, ತನಗೆ ಏನು ಮುಖ್ಯ ಎಂದು ತೀರ್ಮಾನಿಸಿಕೊಂಡಿದ್ದರಿಂದಲೇ ಇದು ಸಾಧ್ಯವಾಯಿತು.

ನಿಯಮ ಬದಲಾದಂತೆ ಬದಲಾಗುವುದು

ಒಕ್ಕೂಟದ ಕಾನೂನು ಬದಲಾದಂತೆಲ್ಲ ತನ್ನದನ್ನೂ ಬದಲಿಸಿಕೊಳ್ಳುವ ಕ್ರಮ ಸ್ವಿಟ್ಜರ್‌ಲೆಂಡಿಗೆ ಹೊಸದಲ್ಲ. 2008ರಲ್ಲಿ ಜಾರಿಯಾದ ಷೆಂಗೆನ್ ಒಪ್ಪಂದದಲ್ಲಿ ಅದು ಮೊದಲಿನಿಂದಲೂ ಇದೆ. ಹೊಸ ನಿಯಮ ರೂಪುಗೊಳ್ಳುವಾಗ ಸ್ವಿಸ್ ತಜ್ಞರು ಸಮಿತಿಗಳಲ್ಲಿ ಕುಳಿತು ಮಾತಾಡಬಹುದು, ಮತ ಹಾಕುವಂತಿಲ್ಲ. ಸಂಸತ್ತು, ಜನಮತಗಣನೆ ಎರಡೂ ಮುಗಿಯಬೇಕಾದ ಕಡೆ ಎರಡು ವರ್ಷದ ಅವಕಾಶವಿದೆ. ಕೊನೆಗೂ ಬೇಡ ಎಂದರೆ, ಪರಿಹಾರ ಕಾಣದೆ ಹೋದರೆ, ಇಡೀ ಷೆಂಗೆನ್ ಒಪ್ಪಂದವೇ ರದ್ದಾಗಬಹುದು.

ಈ ಕ್ರಮಕ್ಕೆ ನಿಜವಾದ ಪರೀಕ್ಷೆ 2019ರಲ್ಲಿ ಬಂತು. 2015ರ ಪ್ಯಾರಿಸ್ ದಾಳಿಗಳ ನಂತರ ಒಕ್ಕೂಟ ಬಂದೂಕಿನ ನಿಯಮಗಳನ್ನು ಬಿಗಿ ಮಾಡಿತ್ತು. ಸ್ವಿಟ್ಜರ್‌ಲೆಂಡಿನಲ್ಲಿ ಸೈನಿಕರು ಸೇವೆಯ ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳುವುದು, ಊರೂರಲ್ಲಿ ಗುರಿಕಾರರ ಸಂಘಗಳಿರುವುದು ಹಳೆಯ ಸಂಪ್ರದಾಯ. ಸೇವೆ ಮುಗಿದ ಮೇಲೂ ಸೈನಿಕರು ಬಂದೂಕು ಉಳಿಸಿಕೊಳ್ಳುವಂತೆ ಸ್ವಿಸ್ ಸರ್ಕಾರ ಕರಡು ಹಂತದಲ್ಲೇ ವಿನಾಯಿತಿ ಗಳಿಸಿತು. ಉಳಿದದ್ದನ್ನು ಗುರಿಕಾರರು ಜನರ ಮುಂದೆ ತಂದರು. ಮೇ 19ರಂದು ಶೇ 63.7 ಮತದಾರರು ಹೊಸ ನಿಯಮಕ್ಕೆ ಒಪ್ಪಿದರು, ತಿರಸ್ಕರಿಸಿದ ಪ್ರಾಂತ್ಯ ತಿಚಿನೋ ಒಂದೇ. 2022ರಲ್ಲಿ ಒಕ್ಕೂಟದ ಗಡಿ ಕಾವಲು ಸಂಸ್ಥೆ ಫ್ರಾಂಟೆಕ್ಸ್‌ಗೆ ಹೆಚ್ಚಿನ ಹಣ ಕೊಡುವ ಪ್ರಶ್ನೆಯೂ ಹೀಗೆಯೇ ಜನರ ಮುಂದೆ ಬಂದು ಶೇ 71.5 ಮತಗಳಿಂದ ಗೆದ್ದಿತು. ಬೇಡ ಎಂದರೆ ಷೆಂಗೆನ್ ಕೈತಪ್ಪಬಹುದೆಂಬ ಭಯ ಈ ಮತಗಳ ಹಿಂದಿರಲಿಲ್ಲ ಎನ್ನಲಾಗದು. ಹಾಗಿದ್ದೂ ಏನನ್ನು ಒಪ್ಪುತ್ತಿದ್ದೇವೆ, ತಪ್ಪಿದರೆ ಏನಾಗುತ್ತದೆ ಎಂಬುದು ಪ್ರತಿ ಮತದಾರನಿಗೂ ಮೊದಲೇ ಗೊತ್ತಿತ್ತು. ಷೇರುಪೇಟೆಗೆ ಆದಂತೆ ಅನಿರೀಕ್ಷಿತ ಶಿಕ್ಷೆ ಇಲ್ಲಿರಲಿಲ್ಲ.

ಉಳಿದವರು ಹಿಡಿದ ದಾರಿ

ಸ್ವಿಸ್ ಮತದಾರರು ಬೇಡವೆಂದ ಆರ್ಥಿಕ ವಲಯದ ದಾರಿಯಲ್ಲೇ ನಾರ್ವೆ ನಡೆಯಿತು. 1972ರಲ್ಲೂ 1994ರಲ್ಲೂ ಸದಸ್ಯತ್ವ ಬೇಡ ಎಂದ ಆ ದೇಶ, 1994ರಿಂದ ಐರೋಪ್ಯ ಆರ್ಥಿಕ ವಲಯದಲ್ಲಿದೆ. ಅಲ್ಲಿ ಮೇಲ್ವಿಚಾರಣೆಗೆ ಪ್ರತ್ಯೇಕ ಪ್ರಾಧಿಕಾರವಿದೆ, ತೀರ್ಪಿಗೆ ಲಕ್ಸೆಂಬರ್ಗಿನಲ್ಲಿ ಎಫ್ಟಾ (ಐರೋಪ್ಯ ಮುಕ್ತ ವ್ಯಾಪಾರ ಸಂಘ) ನ್ಯಾಯಾಲಯವಿದೆ. ನಿಯಮಗಳು ಬ್ರಸೆಲ್ಸ್‌ನಿಂದ ಬರುತ್ತವೆ, ತಾವು ಜಾರಿ ಮಾಡುತ್ತೇವೆ ಎಂಬ ಬೇಸರದಿಂದ ಅಲ್ಲಿ ‘ಫ್ಯಾಕ್ಸ್ ಪ್ರಜಾಪ್ರಭುತ್ವ’ ಎಂಬ ಮಾತು ಬಳಕೆಗೆ ಬಂತು. ಸರ್ಕಾರ ನೇಮಿಸಿದ್ದ ಸಮಿತಿಯೊಂದು 2012ರಲ್ಲಿ, ಸದಸ್ಯ ದೇಶಗಳಿಗೆ ಹೋಲಿಸಿದರೆ ನಾರ್ವೆ ಒಕ್ಕೂಟದ ಕಾನೂನಿನ ಸುಮಾರು ಮುಕ್ಕಾಲು ಭಾಗವನ್ನು ಅಳವಡಿಸಿಕೊಂಡಿದೆ ಎಂದು ಅಂದಾಜು ಮಾಡಿತು. ನಿಯಮವನ್ನು ತಡೆಹಿಡಿಯುವ ಹಕ್ಕು ಕಾಗದದ ಮೇಲಿದೆ, ಬಳಸುವುದು ಕಷ್ಟ. ಅಂಚೆ ಸೇವೆಯ ನಿರ್ದೇಶನವನ್ನು ಒಪ್ಪುವುದಿಲ್ಲ ಎಂದು 2011ರಲ್ಲಿ ಒಂದು ಸರ್ಕಾರ ಹೇಳಿತು, 2013ರಲ್ಲಿ ಬಂದ ಸರ್ಕಾರ ಆ ನಿಲುವನ್ನು ಬಿಟ್ಟುಕೊಟ್ಟಿತು. 2025ರ ಜನವರಿಯಲ್ಲಿ ಒಕ್ಕೂಟದ ಇಂಧನ ನಿರ್ದೇಶನಗಳ ವಿಷಯವಾಗಿಯೇ ಸೆಂಟರ್ ಪಾರ್ಟಿ ಮೈತ್ರಿ ಸರ್ಕಾರದಿಂದ ಹೊರನಡೆಯಿತು.

ನಾರ್ವೆ ಕಲಿಸುವ ದೊಡ್ಡ ಪಾಠ 2019ರಲ್ಲಿ ಹೊರಬಿತ್ತು. ಕಾಯಿಲೆ ಭತ್ಯೆ, ಆರೈಕೆ ಭತ್ಯೆ ಮೊದಲಾದವನ್ನು ಪಡೆಯುತ್ತಿದ್ದವರು ಬೇರೆ ಐರೋಪ್ಯ ದೇಶಕ್ಕೆ ಹೋಗಿ ಕೆಲಕಾಲ ಇದ್ದರೆ, ಅಲ್ಲಿನ ಕಲ್ಯಾಣ ಇಲಾಖೆ ಅದನ್ನು ವಂಚನೆ ಎಂದು ಪರಿಗಣಿಸಿ ಹಣ ವಾಪಸು ಕೇಳುತ್ತಿತ್ತು. ಹಲವರ ಮೇಲೆ ಮೊಕದ್ದಮೆ ಹೂಡಿತು. ಹತ್ತಾರು ಜನ ಜೈಲು ಕಂಡರು. ಆದರೆ ಆರ್ಥಿಕ ವಲಯದ ಮೂಲಕ ನಾರ್ವೆಯದೇ ಕಾನೂನಾಗಿದ್ದ ಐರೋಪ್ಯ ನಿಯಮಾವಳಿಯ ಪ್ರಕಾರ ಅವರಿಗೆ ಆ ಹಕ್ಕಿತ್ತು. ಇಲಾಖೆ, ಸರ್ಕಾರಿ ವಕೀಲರು, ಪ್ರತಿವಾದಿಗಳ ವಕೀಲರು, ನ್ಯಾಯಾಧೀಶರು ಯಾರೂ ವರ್ಷಾನುಗಟ್ಟಲೆ ಅದನ್ನು ಗಮನಿಸಿರಲಿಲ್ಲ. ಹೊರಗೆ ಹುಟ್ಟಿದ ಕಾನೂನನ್ನು ಮೌನವಾಗಿ ಒಳಗೆ ತಂದಿಟ್ಟುಕೊಂಡರೆ, ಅದನ್ನು ಯಾರೂ ತಮ್ಮದೆಂದು ಓದುವುದಿಲ್ಲ. ಆ ನಿರ್ಲಕ್ಷ್ಯದ ಬೆಲೆಯನ್ನು ಸಾಮಾನ್ಯ ಜನ ತೆರುತ್ತಾರೆ.

ಟರ್ಕಿಯದು ಇನ್ನೊಂದು ಮಾದರಿ. 1995ರ ಕೊನೆಯ ದಿನದಿಂದ ಅದು ಒಕ್ಕೂಟದ ಜೊತೆ ಸುಂಕ ಒಕ್ಕೂಟದಲ್ಲಿದೆ. ಕೈಗಾರಿಕಾ ಸರಕು ಸುಂಕವಿಲ್ಲದೆ ಓಡಾಡುತ್ತದೆ, ಆದರೆ ಹೊರಗಿನ ದೇಶಗಳಿಗೆ ಟರ್ಕಿ ಒಕ್ಕೂಟದ ಸುಂಕವನ್ನೇ ಹಾಕಬೇಕು. ಒಕ್ಕೂಟ ಮೂರನೇ ದೇಶವೊಂದರ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ಆ ದೇಶದ ಸರಕು ಒಕ್ಕೂಟದ ಮೂಲಕ ಟರ್ಕಿಯನ್ನು ತಲುಪಬಹುದು. ಟರ್ಕಿಯ ಸರಕಿಗೆ ಆ ದೇಶದಲ್ಲಿ ಅದೇ ರಿಯಾಯಿತಿ ತಾನಾಗಿ ಸಿಗುವುದಿಲ್ಲ, ಅದು ಬೇರೆಯೇ ಮಾತುಕತೆ ನಡೆಸಬೇಕು. ಮಾತುಕತೆಯ ಮೇಜಿನಲ್ಲಿ ಕುರ್ಚಿ ಇಲ್ಲದವರ ಪರಿಸ್ಥಿತಿ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಬ್ರಿಟನ್ ಬಂದದ್ದು ವಿರುದ್ಧ ದಿಕ್ಕಿನಿಂದ. 2020ರ ಜನವರಿ 31ರಂದು ಒಕ್ಕೂಟ ಬಿಟ್ಟ ಆ ದೇಶ ಹಳೆಯ ಐರೋಪ್ಯ ಕಾನೂನುಗಳನ್ನು ಒಮ್ಮೆಗೇ ತೆಗೆದುಹಾಕುವ ಉಮೇದಿನಲ್ಲಿತ್ತು. 2023ರ ಕಾಯ್ದೆ ಕೊನೆಗೆ ರದ್ದು ಮಾಡಿದ್ದು ಸುಮಾರು 600ನ್ನು ಮಾತ್ರ. ಸರಕು ಒಕ್ಕೂಟದ ಮಾನದಂಡಕ್ಕೆ ಹೊಂದುತ್ತದೆ ಎಂದು ಸಾರುವ ‘ಸಿಇ’ ಗುರುತಿನ ಬದಲು ತನ್ನದೇ ಗುರುತನ್ನು ಕಡ್ಡಾಯ ಮಾಡಲು ಹೊರಟು, ಕೈಗಾರಿಕೆಗಳ ಒತ್ತಾಯಕ್ಕೆ ಮಣಿದು, ಹೆಚ್ಚಿನ ಸರಕುಗಳಿಗೆ ಸಿಇ ಗುರುತನ್ನೇ ಅನಿರ್ದಿಷ್ಟ ಕಾಲ ಮಾನ್ಯ ಮಾಡಿತು. 2025ರ ಮೇ 19ರಂದು ಲಂಡನ್ ಸಭೆಯಲ್ಲಿ ಆಹಾರ, ಸಸ್ಯ, ಪ್ರಾಣಿ ಆರೋಗ್ಯದ ನಿಯಮಗಳಲ್ಲಿ ಒಕ್ಕೂಟದ ಜೊತೆ ನಿರಂತರ ಹೊಂದಾಣಿಕೆಗೆ ತಾತ್ವಿಕವಾಗಿ ಒಪ್ಪಿತು. ಹೊರಗೆ ಹೋದರೂ ಪ್ರಶ್ನೆ ಬಿಡಲಿಲ್ಲ.

ಹೊಸ ಕಟ್ಟು

ಈ ಎಲ್ಲ ಅನುಭವಗಳ ಬೆಳಕಿನಲ್ಲಿ ಸ್ವಿಟ್ಜರ್‌ಲೆಂಡಿನ ಹೊಸ ಒಪ್ಪಂದಗಳ ಕಟ್ಟನ್ನು ನೋಡಬೇಕು. 2024ರ ಮಾರ್ಚ್‌ನಲ್ಲಿ ಶುರುವಾದ ಮಾತುಕತೆ ಅದೇ ವರ್ಷ ಡಿಸೆಂಬರ್ 20ರಂದು ಮುಗಿಯಿತು. 2025ರ ಜೂನ್‌ನಲ್ಲಿ ಫೆಡರಲ್ ಕೌನ್ಸಿಲ್ ಪಠ್ಯವನ್ನು ಒಪ್ಪಿ ಸಾರ್ವಜನಿಕ ಅಭಿಪ್ರಾಯಕ್ಕೆ ಬಿಟ್ಟಿತು. ಜನರ ಸಂಚಾರ, ಪರಸ್ಪರ ಮಾನ್ಯತೆ, ಭೂಸಾರಿಗೆ, ವಿಮಾನಯಾನದ ಹಳೆಯ ಒಪ್ಪಂದಗಳಲ್ಲೂ ಹೊಸದಾಗಿ ಸೇರುವ ವಿದ್ಯುತ್, ಆಹಾರ ಸುರಕ್ಷತೆಯ ಒಪ್ಪಂದಗಳಲ್ಲೂ ನಿರಂತರ ಹೊಂದಾಣಿಕೆ ಇರುತ್ತದೆ. ಆದರೆ ಪ್ರತಿ ಹೊಸ ನಿಯಮವೂ ಸ್ವಿಸ್ ಕಾರ್ಯವಿಧಾನದ ಮೂಲಕವೇ ಬರಬೇಕು, ಜನಮತಗಣನೆಯ ಹಕ್ಕು ಉಳಿಯುತ್ತದೆ. ನಿಯಮ ರೂಪುಗೊಳ್ಳುವ ಹಂತದಲ್ಲಿ ಸ್ವಿಸ್ ಪ್ರತಿನಿಧಿಗಳು ಭಾಗವಹಿಸುತ್ತಾರೆ. ವ್ಯಾಜ್ಯ ಬಂದರೆ ಎರಡೂ ಕಡೆಯವರಿರುವ ಮಧ್ಯಸ್ಥಿಕೆ ಮಂಡಳಿ ತೀರ್ಮಾನಿಸುತ್ತದೆ, ಒಕ್ಕೂಟದ ಕಾನೂನಿನ ಅರ್ಥ ಬಿಡಿಸಬೇಕಾದಾಗ ಐರೋಪ್ಯ ನ್ಯಾಯಾಲಯವನ್ನು ಕೇಳಬೇಕಾಗುತ್ತದೆ. ಸ್ವಿಟ್ಜರ್‌ಲೆಂಡ್ ಒಂದು ನಿಯಮವನ್ನು ಒಪ್ಪದಿದ್ದರೆ ಒಕ್ಕೂಟ ಪ್ರತಿಕ್ರಮ ಕೈಗೊಳ್ಳಬಹುದು, ಆದರೆ ಅದು ತಪ್ಪಿನ ಪ್ರಮಾಣಕ್ಕೆ ತಕ್ಕಷ್ಟೇ ಇರಬೇಕು. ಹಾಗಿದೆಯೋ ಇಲ್ಲವೋ ಎಂಬುದನ್ನು ಮಂಡಳಿ ಪರಿಶೀಲಿಸುತ್ತದೆ. 2030ರಿಂದ 2036ರವರೆಗೆ ಸ್ವಿಟ್ಜರ್‌ಲೆಂಡ್ ಒಕ್ಕೂಟದ ದೇಶಗಳಿಗೆ ವರ್ಷಕ್ಕೆ 35 ಕೋಟಿ ಸ್ವಿಸ್ ಫ್ರಾಂಕ್ ಕೊಡುಗೆ ನೀಡುವ ಒಪ್ಪಂದವೂ ಇದೆ.

ವಿದ್ಯುತ್ ಒಪ್ಪಂದದ ಮಹತ್ವ ಅರಿಯಲು ರೈನ್ ನದಿಯ ದಂಡೆಯ ಲಾಫೆನ್‌ಬುರ್ಗ್ ಎಂಬ ಸಣ್ಣ ಊರಿಗೆ ಹೋಗಬೇಕು. 1958ರಲ್ಲಿ ಜರ್ಮನಿ, ಫ್ರಾನ್ಸ್, ಸ್ವಿಟ್ಜರ್‌ಲೆಂಡಿನ ವಿದ್ಯುತ್ ಜಾಲಗಳನ್ನು ಮೊದಲು ಜೋಡಿಸಿದ್ದು ಅಲ್ಲಿ. ಯುರೋಪಿನ ಇಂದಿನ ವಿಶಾಲ ಜಾಲ ಬೆಳೆದದ್ದು ಆ ಜೋಡಣೆಯಿಂದ. ಈಗ ತಂತಿಗಳು ಹಾಗೇ ಇವೆ, 41 ಕಡೆ ಗಡಿ ದಾಟುತ್ತವೆ, ಆದರೆ ಒಕ್ಕೂಟದ ಜೋಡಿತ ವಿದ್ಯುತ್ ಮಾರುಕಟ್ಟೆಯಲ್ಲಿ ಸ್ವಿಟ್ಜರ್‌ಲೆಂಡ್ ಇಲ್ಲ. ಜರ್ಮನಿ, ಫ್ರಾನ್ಸ್ ನಡುವೆ ವ್ಯಾಪಾರವಾದ ವಿದ್ಯುತ್ತಿನಲ್ಲಿ ಒಂದಿಷ್ಟು ಹೇಳದೆ ಕೇಳದೆ ಸ್ವಿಸ್ ತಂತಿಗಳ ಮೂಲಕ ಹರಿಯುತ್ತದೆ. ಅದನ್ನು ಸರಿದೂಗಿಸುವ ಹೊಣೆ ಮತ್ತು ಖರ್ಚು ಸ್ವಿಸ್ ಜಾಲ ನಿರ್ವಾಹಕರ ಪಾಲಿನದು. ಭೌತಿಕವಾಗಿ ಒಳಗೆ, ಕಾನೂನಿನಲ್ಲಿ ಹೊರಗೆ ಇರುವ ಈ ಸ್ಥಿತಿ ಬಹಳ ಕಾಲ ನಡೆಯಲಾರದು.

ಆಕ್ಷೇಪಗಳು ಹಗುರವಾದವಲ್ಲ. ಕಾರ್ಮಿಕ ಸಂಘಗಳ ಭಯ ಕೂಲಿಯದು. ವಿದೇಶಿ ಕಂಪನಿ ತನ್ನ ಕೆಲಸಗಾರರನ್ನು ಕಳಿಸುವ ಮೊದಲು ಎಂಟು ದಿನ ಮುಂಚೆ ತಿಳಿಸಬೇಕೆಂಬ ನಿಯಮವಿದೆ. ಕಟ್ಟಡದ ಕೆಲಸದ ಜಾಗಕ್ಕೆ ತಪಾಸಣೆದಾರರು ಹೋಗಿ ಕೂಲಿ ಪರಿಶೀಲಿಸಲು ಅದು ಅವಕಾಶ ಕೊಡುತ್ತದೆ. ಹೊಸ ಒಪ್ಪಂದದಲ್ಲಿ ಆ ಅವಧಿ ನಾಲ್ಕು ಕೆಲಸದ ದಿನಗಳಿಗೆ ಇಳಿಯುತ್ತದೆ. ಅದನ್ನು ದೇಶೀ ಕಾನೂನಿನ ಹೊಸ ರಕ್ಷಣೆಗಳಿಂದ ತುಂಬಿಕೊಡುವುದಾಗಿ ಸರ್ಕಾರ ಹೇಳಿದೆ. ಸ್ವಿಸ್ ಪೀಪಲ್ಸ್ ಪಾರ್ಟಿಯ ಆಕ್ಷೇಪ ಮೂಲಭೂತವಾದದ್ದು. ಪ್ರತಿಕ್ರಮದ ಭಯವಿರುವಾಗ ಹಾಕುವ ಮತ ಸ್ವತಂತ್ರವಲ್ಲ, ಕೊನೆಯ ಅರ್ಥ ಹೇಳುವ ನ್ಯಾಯಾಲಯ ಎದುರು ಪಕ್ಷದ್ದೇ ಎಂದು ಅದು ವಾದಿಸುತ್ತದೆ. ಇಂಥ ಒಪ್ಪಂದಕ್ಕೆ ಜನರ ಬಹುಮತದ ಜೊತೆ ಪ್ರಾಂತ್ಯಗಳ ಬಹುಮತವೂ ಬೇಕೇ ಎಂಬುದೂ ಬಿಸಿ ಚರ್ಚೆಯ ವಿಷಯ. ಎರಡೂ ಬೇಕೆಂದಾದರೆ ಸಣ್ಣ ಪ್ರಾಂತ್ಯಗಳ ಮಾತು ನಿರ್ಣಾಯಕವಾಗಬಹುದು.

ನ್ಯಾಯಾಲಯದ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಅದಕ್ಕೆ ಪರ್ಯಾಯವಾಗಿ ಇರುವುದು ಪೂರ್ಣ ಸ್ವಾತಂತ್ರ್ಯವೆಂದು ನನಗೆ ತೋರುವುದಿಲ್ಲ. ಇಂದಿನ ಸ್ಥಿತಿಯಲ್ಲೂ ಸ್ವಿಸ್ ಸರ್ವೋಚ್ಚ ನ್ಯಾಯಾಲಯ ಐರೋಪ್ಯ ತೀರ್ಪುಗಳನ್ನು ಅನುಸರಿಸುತ್ತಲೇ ಇದೆ. ಮಧ್ಯಸ್ಥಿಕೆ ಮಂಡಳಿ ಇಲ್ಲದಿರುವುದರಿಂದ ಮೇಲಿನ ಕೈ ಯಾವಾಗಲೂ ಬಲಶಾಲಿಯದೇ.

ನಮಗೆ ತಟ್ಟುವ ಬಗೆ

ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿ ಅನು ಬ್ರಾಡ್‌ಫರ್ಡ್, ಒಕ್ಕೂಟದ ನಿಯಮಗಳು ಒಪ್ಪಂದವಿಲ್ಲದೆಯೂ ಜಗತ್ತಿನೆಲ್ಲೆಡೆ ಹರಡುವುದನ್ನು ‘ಬ್ರಸೆಲ್ಸ್ ಪರಿಣಾಮ’ ಎಂದು ಕರೆದಿದ್ದಾರೆ. ಅದರ ಅಲೆ ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳನ್ನೂ ಮುಟ್ಟಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲಿ, ಇಟಲಿ ಅದರ ದೊಡ್ಡ ಗ್ರಾಹಕ. ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮಾವಳಿಯ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ಜಮೀನಿನ ಅಕ್ಷಾಂಶ ರೇಖಾಂಶ ಕೊಡಬೇಕು, ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಗಡಿರೇಖೆಯನ್ನೇ ಗುರುತಿಸಬೇಕು. ಜಾರಿ ಮತ್ತೆ ಮತ್ತೆ ಮುಂದೂಡಿಕೆಯಾಗಿದ್ದರೂ ಸಿದ್ಧತೆ ತಪ್ಪಿದ್ದಲ್ಲ. ಹಲಸಿನ ನೆರಳಲ್ಲಿ ಕಾಡಿನ ಮರಗಳನ್ನು ಉಳಿಸಿಕೊಂಡೇ ಕಾಫಿ ಬೆಳೆಯುವ ಸಣ್ಣ ಬೆಳೆಗಾರ, ತಾನು ಕಾಡು ಕಡಿದಿಲ್ಲ ಎಂಬುದಕ್ಕೆ ದಾಖಲೆ ಒದಗಿಸಬೇಕಾಗಿದೆ. ಈ ನಿಯಮದ ಉದ್ದೇಶ ಒಳ್ಳೆಯದು. ಅದನ್ನು ಬರೆದ ಮೇಜಿನ ಸುತ್ತ ಅವನಿರಲಿಲ್ಲ ಎಂಬುದೂ ನಿಜ.

ಸ್ವಿಟ್ಜರ್‌ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಸೇರಿದ ಎಫ್ಟಾ ಜೊತೆ ಭಾರತ 2024ರ ಮಾರ್ಚ್ 10ರಂದು ಸಹಿ ಹಾಕಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸುಂಕ ಇಳಿಯುವ ಹೊತ್ತಿನಲ್ಲಿ ಮಾನದಂಡದ ಗೋಡೆ ಎದ್ದು ಕಾಣುತ್ತದೆ ಎಂಬ 1972ರ ಸ್ವಿಸ್ ಅನುಭವ ನಮ್ಮ ರಫ್ತುದಾರರಿಗೂ ಬರಲಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಜಿಡಿಪಿಆರ್ ಷರತ್ತುಗಳನ್ನು ಒಪ್ಪಂದಗಳಲ್ಲಿ ಬರೆದುಕೊಂಡೇ ಐರೋಪ್ಯ ಗ್ರಾಹಕರ ಕೆಲಸ ಮಾಡುತ್ತಿವೆ.

ನಾಲ್ಕು ಅಳತೆಗೋಲು

ಇಷ್ಟೆಲ್ಲ ನೋಡಿದ ಮೇಲೆ ‘ಹೊಂದಿಕೊಳ್ಳಬೇಕೇ ಬೇಡವೇ’ ಎಂದು ಕೇಳುವುದರಲ್ಲಿ ಹುರುಳಿಲ್ಲ. ದೊಡ್ಡ ಮಾರುಕಟ್ಟೆಯ ಪಕ್ಕದ ದೇಶ ಹೇಗೂ ಹೊಂದಿಕೊಳ್ಳುತ್ತದೆ. ಕೇಳಬೇಕಾದದ್ದು ನಾಲ್ಕು. ನಿಯಮ ಬರೆಯುವಾಗ ನಮ್ಮ ಮಾತಿಗೆ ಜಾಗವಿದೆಯೇ? ಅದನ್ನು ಒಳಗೆ ತರುವ ಮುನ್ನ ನಮ್ಮ ಸಂಸತ್ತಿಗೆ, ಜನರಿಗೆ ಓದಿ ಚರ್ಚಿಸಲು ಸಮಯವಿದೆಯೇ? ವ್ಯಾಜ್ಯ ಬಂದಾಗ ಬಲಶಾಲಿಯನ್ನೂ ಕಟ್ಟಿಹಾಕುವ ತೀರ್ಪುಗಾರರಿದ್ದಾರೆಯೇ? ಬೇಡ ಎಂದರೆ ತೆರಬೇಕಾದ ಬೆಲೆ ಮೊದಲೇ ಗೊತ್ತಿದೆಯೇ, ಅದಕ್ಕೊಂದು ಮಿತಿ ಇದೆಯೇ?

ಈ ಅಳತೆಯಲ್ಲಿ ಟರ್ಕಿಯ ವ್ಯವಸ್ಥೆ ಮೊದಲ ಪ್ರಶ್ನೆಯಲ್ಲೇ ಸೋಲುತ್ತದೆ. ನಾರ್ವೆ ನ್ಯಾಯದ ವಿಷಯದಲ್ಲಿ ಗೆದ್ದು, ಚರ್ಚೆಯ ವಿಷಯದಲ್ಲಿ ಹಿಂದೆ ಬೀಳುತ್ತದೆ. ಸಹಿಯಿಲ್ಲದೆ ಸದ್ದಿಲ್ಲದೆ ನಡೆಯುವ ಸ್ವಿಸ್ ಅನುಸರಣೆಗೆ ನಾಲ್ಕರಲ್ಲಿ ಮೂರು ಇಲ್ಲ. ಸ್ವಾತಂತ್ರ್ಯದ ಹೆಸರಿನಲ್ಲಿ ಅದನ್ನೇ ಮುಂದುವರಿಸಬೇಕೆನ್ನುವವರು ಇದಕ್ಕೆ ಉತ್ತರ ಕೊಡಬೇಕು. ಹೊಸ ಕಟ್ಟು ನಾಲ್ಕಕ್ಕೂ ಅರೆಬರೆಯಾದರೂ ಉತ್ತರ ಹೇಳುತ್ತದೆ, ಮತ ಹಾಕುವ ಕುರ್ಚಿಯನ್ನಂತೂ ಕೊಡುವುದಿಲ್ಲ. ಅದು ಸದಸ್ಯರಿಗೆ ಮಾತ್ರ ಸಿಗುವಂಥದ್ದು. ಅದನ್ನು ಒಪ್ಪುವುದೋ ಬಿಡುವುದೋ ಸ್ವಿಸ್ ಜನರಿಗೆ ಬಿಟ್ಟದ್ದು. ಆದರೆ ಲಾರಿಯ ತೂಕದ ವಿಷಯದಲ್ಲಿ ಅವರೇ ತೋರಿಸಿಕೊಟ್ಟ ಸಂಗತಿಯೊಂದು ಬ್ರಸೆಲ್ಸ್ ಕಡೆಗೆ ನೋಡುವ ಎಲ್ಲ ದೇಶಗಳಿಗೂ, ನಮಗೂ ಸಲ್ಲುತ್ತದೆ. ಹೊರಗಿನ ನಿಯಮಕ್ಕೆ ಹೊಂದಿಕೊಳ್ಳುವ ದೇಶ ಏನನ್ನು ಬಿಡುತ್ತೇನೆ, ಏನನ್ನು ಬಿಡುವುದಿಲ್ಲ ಎಂಬುದನ್ನು ಮೊದಲು ತನ್ನ ಪ್ರಜೆಗಳ ಎದುರು ಹೇಳಿ, ಅವರ ಒಪ್ಪಿಗೆ ಪಡೆದು ಮೇಜಿಗೆ ಹೋಗಬೇಕು. ಹಾಗೆ ಹೋದವರಿಗೆ ಬಗ್ಗಿದ ಮೇಲೂ ಕೈಯಲ್ಲಿ ಏನಾದರೂ ಉಳಿಯುತ್ತದೆ.